ಫೀಡರ್ ಹಕ್ಕಿಗಳ ಫೋಟೊ ಮಸುಕು, ಕಿಟಕಿ ತೆರೆದರೆ ಇನ್ನೂ ಮಸುಕು! ಲೆನ್ಸ್ ಕೆಟ್ಟಿದೆಯಾ?

ಕಿಟಕಿಯಾಚೆ:
ಎಲ್ಲರಿಗೂ ನಮಸ್ಕಾರ. ಹಿತ್ತಲಲ್ಲಿ ಕಾಳಿನ ಫೀಡರ್ ನೇತುಹಾಕಿ ಮೂರು ವಾರ ಆಯಿತು. ಹಿಮ ಬಿದ್ದ ಮೇಲೆ ಹಕ್ಕಿಗಳು ಚೆನ್ನಾಗಿ ಬರುತ್ತಿವೆ. ಚೇಕಡಿ, ಫಿಂಚ್, ಜೊತೆಗೆ ಒಂದು ಮರಕುಟಿಗ. ಫೋಟೊ ಮಾತ್ರ ಒಂದೂ ನೆಟ್ಟಗಿಲ್ಲ.

ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಕ್ಯಾಮೆರಾ, 70-300 ಎಂಎಂ ಜೂಮ್ ಲೆನ್ಸ್. 300ರಲ್ಲಿ ಅಪರ್ಚರ್ ಎಫ್/5.6, ಶಟರ್ 1/1000 ಸೆಕೆಂಡ್, ಐಎಸ್ಒ (ಬೆಳಕಿನ ಸೂಕ್ಷ್ಮತೆ) 1600ರ ಆಸುಪಾಸು. ಟ್ರೈಪಾಡ್ ಮೇಲಿದೆ. ಫೀಡರ್ ಕಿಟಕಿಯಿಂದ ಸುಮಾರು 10 ಮೀಟರ್ ದೂರ. ಮೊದಲು ಗಾಜಿನ ಮೂಲಕ ತೆಗೆದೆ, ಮಸುಕಾಗಿತ್ತು. ಗಾಜಿನದೇ ತಪ್ಪು ಅಂತ ಕಿಟಕಿ ತೆರೆದೆ. ಇನ್ನೂ ಹಾಳಾಯಿತು! ಗರಿಗಳೆಲ್ಲ ಕಲಸಿಹೋದ ಹಾಗೆ. ಸತತವಾಗಿ 20 ಫ್ರೇಮ್ ತೆಗೆದರೆ ಒಂದೆರಡು ಪರವಾಗಿಲ್ಲ, ಉಳಿದವು ಒಂದೊಂದೂ ಒಂದೊಂದು ಥರ. ಇನ್ನೊಂದು ತಲೆನೋವು, ಹಿಮ ಬೆಳ್ಳಗೆ ಬರುವುದಿಲ್ಲ, ಕೊಳೆ ಬಟ್ಟೆ ಥರ ಬೂದು ಬರುತ್ತದೆ. ಲೆನ್ಸ್ ರಿಪೇರಿಗೆ ಕೊಡುವ ಮೊದಲು ಒಮ್ಮೆ ಕೇಳೋಣ ಅಂತ ಬಂದೆ.

ಮೂರುಕಾಲು:
ಟ್ರೈಪಾಡ್ ಮೇಲೆ ಇದ್ದಾಗ ಲೆನ್ಸಿನ ಸ್ಟೆಬಿಲೈಸೇಶನ್ (ಕೈ ನಡುಕ ತಡೆಯುವ ವ್ಯವಸ್ಥೆ) ಆಫ್ ಮಾಡಿ ನೋಡಿ. ಶಟರ್ 1/2000ಕ್ಕೆ ಏರಿಸಿ. ಈ ಚಿಕ್ಕ ಹಕ್ಕಿಗಳು ಒಂದು ಕ್ಷಣ ಸುಮ್ನೆ ಕೂರುವುದಿಲ್ಲ.

ಕಿಟಕಿಯಾಚೆ:
ಎರಡೂ ಮಾಡಿದೆ ಸರ್. ಐಎಸ್ಒ ಏರಿ ಫೋಟೊದಲ್ಲಿ ಕಾಳುಕಾಳು ಚುಕ್ಕೆ ಜಾಸ್ತಿಯಾಯಿತು, ಮಸುಕು ಹಾಗೇ ಇದೆ.

ಒಣಕೊಂಬೆ:
ಲೆನ್ಸ್ ರಿಪೇರಿಗೆ ಈಗಲೇ ಕೊಡಬೇಡಿ. ಒಂದು ಪ್ರಶ್ನೆ: ಕೋಣೆಯಲ್ಲಿ ಹೀಟರ್ ಇದೆಯಾ? ಅದು ಕಿಟಕಿಯ ಹತ್ತಿರವಾ?

ಕಿಟಕಿಯಾಚೆ:
ಕಿಟಕಿಯ ಕೆಳಗೇ ಇದೆ. ಅದಕ್ಕೂ ಫೋಟೊಗೂ ಏನು ಸಂಬಂಧ?

ಒಣಕೊಂಬೆ:
ಸಂಬಂಧ ಅಲ್ಲೇ ಇದೆ. ಬೇಸಿಗೆಯಲ್ಲಿ ಟಾರು ರಸ್ತೆಯ ಮೇಲೆ ಗಾಳಿ ನಡುಗುತ್ತದಲ್ಲ, ಅದೇ ಆಟ ನಿಮ್ಮ ಕಿಟಕಿಯಲ್ಲಿ ನಡೆಯುತ್ತಿದೆ. ಬಿಸಿ ಗಾಳಿಯೂ ತಣ್ಣನೆಯ ಗಾಳಿಯೂ ಬೆಳಕನ್ನು ಬೇರೆ ಬೇರೆಯಾಗಿ ಬಗ್ಗಿಸುತ್ತವೆ. ಕಿಟಕಿ ತೆರೆದ ಕೂಡಲೇ ಒಳಗಿನ ಬಿಸಿ ಹೊರಗೆ ನುಗ್ಗುತ್ತದೆ, ಹೊರಗಿನ ಚಳಿ ಕೆಳಗಿಂದ ಒಳಗೆ ಬರುತ್ತದೆ. ಎರಡೂ ಕಲಸುವ ಜಾಗ ಸರಿಯಾಗಿ ನಿಮ್ಮ ಲೆನ್ಸಿನ ಮುಂದೆ. ಶಟರ್ ಏರಿಸಿದರೆ ಹಕ್ಕಿಯ ಓಡಾಟ ನಿಲ್ಲುತ್ತದೆ, ಗಾಳಿಯಲ್ಲಿ ಸೊಟ್ಟಗಾದ ಬೆಳಕು ನೆಟ್ಟಗಾಗುವುದಿಲ್ಲ. ಆ ಸೊಟ್ಟ ಹಾಗೇ ಫೋಟೊದಲ್ಲಿ ಬೀಳುತ್ತದೆ, ಅಷ್ಟೇ.

ನೀವು ಹೇಳಿದ್ದರಲ್ಲೇ ಸುಳಿವು ಇತ್ತು. ಲೆನ್ಸ್ ಕೆಟ್ಟಿದ್ದರೆ ಎಲ್ಲ ಫ್ರೇಮೂ ಒಂದೇ ಥರ ಕೆಡುತ್ತವೆ. ಫೋಕಸ್ ತಪ್ಪಿದ್ದರೆ ಹಕ್ಕಿಯ ಹಿಂದೆಯೋ ಮುಂದೆಯೋ ಏನಾದರೂ ಒಂದು ಶಾರ್ಪ್ ಇರುತ್ತದೆ. ಒಂದೊಂದೂ ಒಂದೊಂದು ಥರ ಕೆಟ್ಟರೆ ನಾನು ಮೊದಲು ಗಾಳಿಯನ್ನೇ ಅನುಮಾನಿಸುತ್ತೇನೆ.

ಹೀಗೆ ಮಾಡಿ. ಅಕ್ಷರ ಇರುವ ಒಂದು ಕಾಗದವನ್ನು ಫೀಡರ್ ಕಂಬಕ್ಕೆ ಅಂಟಿಸಿ. ಕಿಟಕಿಯಿಂದ, ಹೀಟರ್ ಉರಿಯುತ್ತಿರುವಾಗಲೇ ಹತ್ತು ಫ್ರೇಮ್ ತೆಗೆಯಿರಿ. ಆಮೇಲೆ ಲೈವ್ ವ್ಯೂನಲ್ಲಿ (ಕ್ಯಾಮೆರಾದ ಪರದೆಯ ನೇರ ನೋಟದಲ್ಲಿ) 10 ಪಟ್ಟು ದೊಡ್ಡದು ಮಾಡಿ ಅಕ್ಷರಗಳನ್ನು ಸುಮ್ನೆ ನೋಡುತ್ತಾ ಇರಿ. ಕೊನೆಗೆ ಹೊರಗೆ ಹೋಗಿ ಅಷ್ಟೇ ದೂರದಿಂದ ಹತ್ತು ಫ್ರೇಮ್.

ಕಿಟಕಿಯಾಚೆ:
ಮಾಡಿದೆ. ಲೈವ್ ವ್ಯೂನಲ್ಲಿ ಅಕ್ಷರಗಳು ಈಜುತ್ತಿವೆ ಸರ್! 'ಕ'ದ ತಲೆಕಟ್ಟು ಎಡಕ್ಕೆ ಬಾಗುತ್ತದೆ, ನೆಟ್ಟಗಾಗುತ್ತದೆ, ಮತ್ತೆ ಬಾಗುತ್ತದೆ. ಇಷ್ಟು ದಿನ ಇದು ಕಣ್ಣಿಗೇ ಬಿದ್ದಿರಲಿಲ್ಲ. ಹೊರಗೆ ತೆಗೆದಾಗ ಮೊದಲ ಕೆಲವು ಫ್ರೇಮ್ ಮಸುಕಾಗಿದ್ದವು, ಅಲ್ಲಿಗೆ ಎದೆ ಧಸಕ್ ಅಂತು. ಅರ್ಧ ಗಂಟೆ ಬಿಟ್ಟು ತೆಗೆದರೆ ಕಾಗದದ ಮಡಿಕೆ ಕೂಡ ಕಾಣುತ್ತದೆ.

ಒಣಕೊಂಬೆ:
ಮೊದಲಿನವು ಮಸುಕಾದದ್ದಕ್ಕೂ ಅದೇ ಕಾರಣ. ಲೆನ್ಸ್ ಒಳಗಿನ ಬಿಸಿಯಲ್ಲೇ ಹೊರಗೆ ಬಂದಿದೆ. ಹುಡ್ (ಲೆನ್ಸಿನ ತುದಿಯ ಕೊಳವೆಯಂಥ ಮರೆ) ಹಾಕಿದ್ದರೆ ಅದರೊಳಗೆ ಬಿಸಿ ಗಾಳಿ ಸಿಕ್ಕಿಕೊಂಡು ಸುತ್ತುತ್ತಿರುತ್ತದೆ. ಲೆನ್ಸ್ ಹೊರಗಿನಷ್ಟೇ ತಣ್ಣಗಾಗುವವರೆಗೆ ಕಾಯಲೇಬೇಕು.

ಮನೆಯೊಳಗಿಂದಲೇ ತೆಗೆಯಬೇಕು ಅಂದ್ರೆ ಹೀಟರ್ ಆರಿಸಿ, ಕೋಣೆಯ ಬಾಗಿಲು ಮುಚ್ಚಿ, ಕಿಟಕಿ ತೆರೆದಿಟ್ಟು ಕೋಣೆಯನ್ನೇ ತಣ್ಣಗೆ ಮಾಡಿ. ಸ್ವೆಟರ್ ಹಾಕಿಕೊಂಡು ಕೂತರೆ ಮನೆಯವರು ವಿಚಿತ್ರವಾಗಿ ನೋಡುತ್ತಾರೆ, ಅದಕ್ಕೆ ಪರಿಹಾರ ನನ್ನಲ್ಲಿಲ್ಲ. ಗಾಜಿನ ಮೂಲಕವೇ ತೆಗೆಯುವುದಾದರೆ ಗಾಜು ಒರೆಸಿ, ದೀಪ ಆರಿಸಿ, ಲೆನ್ಸನ್ನು ಗಾಜಿಗೆ ತೀರ ಹತ್ತಿರ ನೇರವಾಗಿ ಹಿಡಿಯಿರಿ. ಓರೆಯಾದಷ್ಟೂ ಕೆಡುತ್ತದೆ.

ಹೊರಗಿಂದ ಒಳಗೆ ಬರುವಾಗ ಎಚ್ಚರ. ತಣ್ಣಗಿನ ಕ್ಯಾಮೆರಾ ಮೇಲೆ ನೀರು ಕೂರುತ್ತದೆ. ಹೊರಗೇ ಚೀಲಕ್ಕೆ ಹಾಕಿ ಜಿಪ್ ಎಳೆದು, ಒಳಗೆ ತಂದ ಮೇಲೆ ಒಂದೆರಡು ಗಂಟೆ ತೆರೆಯಬೇಡಿ. ಫೋಟೊ ನೋಡುವ ಆತುರ ಇದ್ದರೆ ಕಾರ್ಡನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ಇನ್ನೊಂದು ಬ್ಯಾಟರಿ ಒಳಜೇಬಿನಲ್ಲಿರಲಿ, ಚಳಿಗೆ ಬೇಗ ಇಳಿಯುತ್ತದೆ.

ಬಿಳಿಹಿಮ:
ಬೂದು ಹಿಮದ ಬಗ್ಗೆ ಯಾರೂ ಹೇಳಲಿಲ್ಲ, ಅಲ್ವಾ? ಕ್ಯಾಮೆರಾದ ಮೀಟರ್ ಎದುರಿಗಿರುವುದನ್ನೆಲ್ಲ ನಡು ಬೂದು ಅಂತಲೇ ಲೆಕ್ಕ ಹಾಕುತ್ತದೆ. ಅದಕ್ಕೆ ಬಿಳಿಯನ್ನೂ ಬೂದಿಗೆ ಎಳೆಯುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಮೀಟರ್ ಲೆಕ್ಕಕ್ಕಿಂತ ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) +1ರಿಂದ ಶುರು ಮಾಡಿ, ಬೇಕಾದರೆ +1.7ರವರೆಗೆ ಏರಿಸಿ. ಹಿಸ್ಟೋಗ್ರಾಂ (ಫೋಟೊದ ಕಪ್ಪು-ಬಿಳುಪಿನ ಹಂಚಿಕೆ ತೋರಿಸುವ ನಕ್ಷೆ) ಬಲಗೋಡೆಗೆ, ಅಂದರೆ ಬಿಳಿಯ ತುದಿಗೆ, ಹತ್ತಿರ ಬರಬೇಕು, ಡಿಕ್ಕಿ ಹೊಡೆಯಬಾರದು.

ಹಕ್ಕಿ ಸಣ್ಣದಾಗಿ ಬರುತ್ತದೆ ಅಂತ ಫೀಡರನ್ನು ನಡುದೂರಕ್ಕೆ, ನಾಲ್ಕೈದು ಮೀಟರಿಗೆ ತರಬೇಡಿ. ಬೆದರಿ ಹಾರಿದ ಹಕ್ಕಿ ಅಷ್ಟು ದೂರದಿಂದ ಪೂರ್ತಿ ವೇಗದಲ್ಲಿ ಗಾಜಿಗೆ ಬಡಿಯುತ್ತದೆ. ಒಂದು ಮೀಟರಿಗಿಂತ ಹತ್ತಿರ ಇರಲಿ, ಇಲ್ಲವೇ ಈಗಿರುವ ಹಾಗೆ ದೂರವೇ ಇರಲಿ. ಹತ್ತಿರದ ಫೋಟೊ ಬೇಕಿದ್ದರೆ ನೀವೇ ಹೊರಗೆ ಹೋಗಿ, ಒಂದು ಮರೆ ಕಟ್ಟಿಕೊಂಡು ಕೂತುಕೊಳ್ಳಿ.

ಪ್ಲಾಸ್ಟಿಕ್ ಫೀಡರ್ ಫೋಟೊದಲ್ಲಿ ಬೇಡ ಅನ್ನಿಸಿದರೆ ಪಕ್ಕದಲ್ಲೇ, ಒಂದು ಮೀಟರಿನೊಳಗೆ, ಒಣ ಕೊಂಬೆ ಕಟ್ಟಿ. ಸರದಿ ಕಾಯುವ ಹಕ್ಕಿ ಅಲ್ಲಿ ಕೂರುತ್ತದೆ. ಚೇಕಡಿ ಜಾತಿಯವು ಫೀಡರಿನಲ್ಲಿ ಕೂತು ತಿನ್ನುವುದು ಕಡಿಮೆ, ಒಂದು ಕಾಳು ಕಚ್ಚಿಕೊಂಡು ಹಾರಿ ಕೊಂಬೆಯ ಮೇಲೆ ಕುಟ್ಟುತ್ತವೆ. ಫಿಂಚ್ ಹಾಗಲ್ಲ, ಜಾಗ ಹಿಡಿದರೆ ಎದ್ದೇಳುವುದಿಲ್ಲ.

ಕಿಟಕಿಯಾಚೆ:
ಇವತ್ತು ಬೆಳಗ್ಗೆ ಹೊರಗೆ, ಆರು ಮೀಟರ್ ದೂರದಲ್ಲಿ, ಹಳೇ ಬೆಡ್‌ಶೀಟ್ ಮರೆಯಲ್ಲಿ ಕೂತೆ. ಕ್ಯಾಮೆರಾ ನನಗಿಂತ ಮುಕ್ಕಾಲು ಗಂಟೆ ಮೊದಲೇ ಹೊರಗಿತ್ತು. ಎಕ್ಸ್‌ಪೋಶರ್ +1.3. ಒಂದು ಚೇಕಡಿ ಕೊಂಬೆಗೆ ಬಂತು. ಚಳಿಗೆ ಗರಿ ಉಬ್ಬಿಸಿಕೊಂಡು ಚೆಂಡಿನ ಹಾಗಿತ್ತು. ಸೂರ್ಯಕಾಂತಿ ಕಾಳನ್ನು ಎರಡು ಕಾಲಿನ ನಡುವೆ ಒತ್ತಿ ಹಿಡಿದು ಟಕ್ ಟಕ್ ಅಂತ ಕುಟ್ಟಿತು. ಫೋಟೊದಲ್ಲಿ ಕೊಕ್ಕಿನ ತುದಿಗೆ ಅಂಟಿದ ಸಿಪ್ಪೆಯ ಚೂರು ಕಾಣುತ್ತದೆ, ಕಣ್ಣೊಳಗೆ ನನ್ನ ಬೆಡ್‌ಶೀಟೂ ಕಾಣುತ್ತದೆ. ಹಿಮ ಬೆಳ್ಳಗಿದೆ. ಲೆನ್ಸಿಗೆ ಕ್ಷಮೆ ಕೇಳಿದೆ.

ಮರಕುಟಿಗ ಮಾತ್ರ ಕೊಂಬೆಗೆ ಬರುತ್ತಿಲ್ಲ. ಕಂಬದ ಹಿಂಬದಿಯಲ್ಲೇ ಅಂಟಿಕೊಂಡು ಇಣುಕುತ್ತದೆ. ಇದಕ್ಕೇನಾದರೂ ಉಪಾಯ ಇದೆಯಾ?

ಒಣಕೊಂಬೆ:
ಅದಕ್ಕೆ ಅಡ್ಡ ಕೊಂಬೆ ಸೇರುವುದಿಲ್ಲ. ತೊಗಟೆ ಇರುವ ದಪ್ಪ ದಿಮ್ಮಿಯನ್ನು ನೆಟ್ಟಗೆ ನಿಲ್ಲಿಸಿ, ನಿಮಗೆ ಕಾಣುವ ಬದಿಯಲ್ಲಿ ತೂತು ಕೊರೆದು ಕೊಬ್ಬು ತುಂಬಿ. ಎರಡು ಮೂರು ದಿನ ತಾಳ್ಮೆ ಇರಲಿ.