ಮಗಳು ಹೈಸ್ಕೂಲ್ ಮಾರ್ಚಿಂಗ್ ಬ್ಯಾಂಡ್ ಸೇರ್ತೀನಿ ಅಂತಿದ್ದಾಳೆ, ಟೆಕ್ಸಾಸ್ ಕನ್ನಡದವರು ಸ್ವಲ್ಪ ಹೇಳಿ

ಹಾಸನದಮ್ಮ_ಡಲ್ಲಾಸ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಡಲ್ಲಾಸ್ ಪಕ್ಕ ಫ್ರಿಸ್ಕೋದಲ್ಲಿದ್ದೇವೆ. ಮಗಳು ಈ ಆಗಸ್ಟ್‌ಗೆ ಒಂಬತ್ತನೇ ಗ್ರೇಡ್. ಆರನೇ ಗ್ರೇಡ್‌ನಿಂದ ಕ್ಲಾರಿನೆಟ್ ನುಡಿಸುತ್ತಿದ್ದಾಳೆ, ಇಷ್ಟಪಟ್ಟೇ ನುಡಿಸುತ್ತಾಳೆ. ಈಗ ಹೈಸ್ಕೂಲ್ ಬ್ಯಾಂಡ್ ಡೈರೆಕ್ಟರ್ ಬಂದು ಮಕ್ಕಳ ಜೊತೆ ಮಾತಾಡಿ ಹೋದ ಮೇಲೆ ಮನೆಯಲ್ಲಿ ಇದೊಂದೇ ಮಾತು, ಮಾರ್ಚಿಂಗ್ ಬ್ಯಾಂಡ್, ಮಾರ್ಚಿಂಗ್ ಬ್ಯಾಂಡ್.

ನನಗೂ ನಮ್ಮನೆಯವರಿಗೂ ಇದರ ತಲೆಬುಡ ಗೊತ್ತಿಲ್ಲ. ನಾವು ಓದಿದ ಸ್ಕೂಲಿನಲ್ಲಿ ಆಗಸ್ಟ್ 15ಕ್ಕೆ ಡ್ರಮ್ ಬಾರಿಸಿಕೊಂಡು ಪರೇಡ್ ಮಾಡಿದ್ದೇ ಬ್ಯಾಂಡು. ಇಲ್ಲಿ ನೋಡಿದರೆ ಫುಟ್ಬಾಲ್ ಮೈದಾನದಲ್ಲಿ ನಡೆಯುತ್ತಾ, ಸಾಲು ಬದಲಿಸುತ್ತಾ ನುಡಿಸುವುದಂತೆ, ಜುಲೈ ಕೊನೆಯಿಂದಲೇ ಕ್ಯಾಂಪ್, ಬೆಳಗ್ಗೆ ಏಳಕ್ಕೆಲ್ಲ ಪಾರ್ಕಿಂಗ್ ಲಾಟ್‌ನಲ್ಲಿ ನಿಂತಿರಬೇಕಂತೆ, ಆ ಬಿಸಿಲಲ್ಲಿ! ಶುಕ್ರವಾರ ಸ್ಕೂಲ್ ಫುಟ್ಬಾಲ್ ಆಟದಲ್ಲಿ ನುಡಿಸಬೇಕು, ಶನಿವಾರ ಬ್ಯಾಂಡ್ ಸ್ಪರ್ಧೆ. ಅವಳಿಗೆ ಭರತನಾಟ್ಯ ಕ್ಲಾಸ್ ಇದೆ, ಬರುವ ವರ್ಷ ರಂಗಪ್ರವೇಶ ಮಾಡಿಸೋಣ ಅಂತ ಗುರುಗಳು ಹೇಳಿದ್ದಾರೆ. ಜೊತೆಗೆ ಕಾಲೇಜ್ ಮಟ್ಟದ ಎಪಿ ಕ್ಲಾಸ್ ಬೇರೆ. ಓದಿಗೆ ತೊಂದರೆ ಆಗಲ್ವಾ? ದುಡ್ಡು ಎಷ್ಟಾಗುತ್ತೆ? ಬ್ಯಾಂಡ್ ಕ್ಲಾಸ್‌ನಲ್ಲಿ ಇದ್ದುಕೊಂಡು ಮಾರ್ಚಿಂಗ್ ಬೇಡ ಅನ್ನೋಕೆ ಆಗುತ್ತಾ? ಊರಲ್ಲಿ ಮಾವನವರು ಫೋನಿನಲ್ಲಿ ಕೇಳಿಸಿಕೊಂಡು "ಏನಮ್ಮಾ, ಮದುವೆ ಬ್ಯಾಂಡ್‌ಸೆಟ್ಟಾ?" ಅಂದರು, ಅವರಿಗೂ ಏನು ಹೇಳಬೇಕೋ ತಿಳಿಯಲಿಲ್ಲ. ಮಕ್ಕಳನ್ನು ಸೇರಿಸಿದವರು ಇದ್ದದ್ದು ಇದ್ದ ಹಾಗೆ ಹೇಳಿ.

ಕೇಟಿ_ಅಪ್ಪ

ಮೇಡಂ, ನಾವು ಹ್ಯೂಸ್ಟನ್ ಕಡೆ. ಮಗ ಟ್ರಾಂಬೋನ್, ಈ ವರ್ಷ ಸೀನಿಯರ್, ಅಂದರೆ ಹನ್ನೆರಡನೇ ಗ್ರೇಡ್. ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ಟೈಮ್ ವಿಷಯ. ಆಗಸ್ಟ್ ಕ್ಯಾಂಪ್ ನಿಜಕ್ಕೂ ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಸ್ಕೂಲ್ ಶುರುವಾದ ಮೇಲೆ ಟೆಕ್ಸಾಸ್‌ನಲ್ಲಿ ಯುಐಎಲ್ (ಸ್ಕೂಲ್ ಸ್ಪರ್ಧೆಗಳನ್ನು ನಡೆಸುವ ಸಂಸ್ಥೆ) ನಿಯಮ ಇದೆ: ಕ್ಲಾಸ್ ಹೊತ್ತು ಬಿಟ್ಟು ವಾರಕ್ಕೆ 8 ಗಂಟೆಗಿಂತ ಜಾಸ್ತಿ ಪ್ರಾಕ್ಟೀಸ್ ಮಾಡಿಸುವ ಹಾಗಿಲ್ಲ. ಫುಟ್ಬಾಲ್ ಆಟ, ಸ್ಪರ್ಧೆ ಆ 8 ಗಂಟೆಯೊಳಗೆ ಬರುವುದಿಲ್ಲ, ಅದನ್ನು ಸೇರಿಸಿಯೇ ಲೆಕ್ಕ ಹಾಕಿಕೊಳ್ಳಿ. ಶುಕ್ರವಾರ ನಿಮ್ಮ ಮಗಳು ಮನೆಗೆ ಬರುವಾಗ ರಾತ್ರಿ ಹನ್ನೊಂದಾದರೂ ಆಗಬಹುದು. ಇದೆಲ್ಲ ಸಾಮಾನ್ಯವಾಗಿ ನವೆಂಬರ್‌ನಲ್ಲಿ ಮುಗಿಯುತ್ತದೆ. ಆಮೇಲೆ ಕನ್ಸರ್ಟ್ ಸೀಸನ್, ಅದು ಬೇರೆಯದೇ ಥರ, ಕೂತು ನುಡಿಸುವುದು.

ಓದು. ಇಲ್ಲಿ 1984ರಿಂದ "ನೋ ಪಾಸ್, ನೋ ಪ್ಲೇ" ಕಾನೂನು ಇದೆ. ಗ್ರೇಡಿಂಗ್ ಪೀರಿಯಡ್‌ನಲ್ಲಿ ಯಾವ ವಿಷಯದಲ್ಲಾದರೂ 70ಕ್ಕಿಂತ ಕಡಿಮೆ ಬಂದರೆ ಕನಿಷ್ಠ ಮೂರು ವಾರ ಸ್ಪರ್ಧೆಗೆ ಇಳಿಯುವ ಹಾಗಿಲ್ಲ, ಪ್ರಾಕ್ಟೀಸ್ ಮಾತ್ರ ಮಾಡಬಹುದು. ಎಪಿ ಥರದ ಕೆಲವು ಕ್ಲಾಸ್‌ಗಳಿಗೆ ವಿನಾಯಿತಿ ಕೊಡುತ್ತಾರೆ, ನಿಮ್ಮ ಡಿಸ್ಟ್ರಿಕ್ಟ್‌ನಲ್ಲಿ ಕೇಳಿ. ಒಬ್ಬರು ಹೊರಗೆ ಕೂತರೆ ಮೈದಾನದ ಸಾಲಿನಲ್ಲಿ ತೂತು ಬೀಳುತ್ತದೆ, ಹಾಗಾಗಿ ಮಾರ್ಕ್ಸ್ ಕಡಿಮೆಯಾದವರನ್ನು ಸೆಕ್ಷನ್ ಲೀಡರ್‌ಗಳೇ (ಆಯಾ ವಾದ್ಯದ ಗುಂಪನ್ನು ನಡೆಸುವ ಮಕ್ಕಳು) ಹಿಡಿದು ಕೂರಿಸಿ ಓದಿಸುತ್ತಾರೆ. ನಮ್ಮ ಮಗನಿಗೆ ಜಿಯಾಮೆಟ್ರಿ ಹೇಳಿಕೊಟ್ಟವನು ಒಬ್ಬ ಟ್ಯೂಬಾ ಹುಡುಗ.

ಇನ್ನೊಂದು ಲಾಭ, ಫಾಲ್‌ನಲ್ಲಿ ಮಾರ್ಚಿಂಗ್ ಮಾಡಿದರೆ ಅದು ಪಿಇ (ವ್ಯಾಯಾಮ ಶಿಕ್ಷಣ) ಕ್ರೆಡಿಟ್ ಆಗಿ ಸೇರುತ್ತದೆ. ಬ್ಯಾಂಡ್‌ನಿಂದ ಫೈನ್ ಆರ್ಟ್ಸ್ ಕ್ರೆಡಿಟ್ಟೂ ಸಿಗುತ್ತದೆ. ಎಪಿಗೆ ಜಾಗ ಬೇಕಿದ್ದವರಿಗೆ ಇದು ಚಿಕ್ಕ ವಿಷಯ ಅಲ್ಲ.

ಮಾರ್ಚಿಂಗ್ ಬಿಟ್ಟು ಬರೀ ಬ್ಯಾಂಡ್ ಕ್ಲಾಸ್ ಆಗುತ್ತಾ ಅಂದರೆ, ಟೆಕ್ಸಾಸ್‌ನ ಬಹಳಷ್ಟು ಸ್ಕೂಲ್‌ಗಳಲ್ಲಿ ಆಗಲ್ಲ, ಎರಡೂ ಒಂದೇ. ಸ್ಕೂಲಿನಿಂದ ಸ್ಕೂಲಿಗೆ ಬದಲಾಗುತ್ತದೆ, ಡೈರೆಕ್ಟರ್‌ಗೆ ಒಂದು ಇಮೇಲ್ ಹಾಕಿ, ಅವರಿಗೆ ಈ ಪ್ರಶ್ನೆ ದಿನಾ ಬರುವಂಥದ್ದೇ. ದುಡ್ಡೂ ಹಾಗೇ. ಕೆಲವು ಕಡೆ ಕೆಲವು ನೂರು ಡಾಲರ್, ದೊಡ್ಡ ಬ್ಯಾಂಡ್‌ಗಳಲ್ಲಿ ಸಾವಿರ ದಾಟುತ್ತದೆ. ಕಂತಿನಲ್ಲಿ ಕಟ್ಟಬಹುದು. ತೊಂದರೆ ಇದ್ದರೆ ಬೂಸ್ಟರ್ ಕ್ಲಬ್‌ನವರು (ಬ್ಯಾಂಡ್‌ಗೆ ನೆರವಾಗುವ ಪೋಷಕರ ಸಂಘ) ಗುಟ್ಟಾಗಿಯೇ ಸಹಾಯ ಮಾಡುತ್ತಾರೆ, ಕೇಳಲು ಸಂಕೋಚ ಬೇಡ.

ಮಂಡ್ಯ_ಟು_ಆಸ್ಟಿನ್

ಅಕ್ಕಾ, ನಾನು ನಮ್ಮ ಸ್ಕೂಲ್ ಬ್ಯಾಂಡ್‌ನಲ್ಲಿ ಯೂನಿಫಾರ್ಮ್ ವಾಲಂಟಿಯರ್. ಮಗಳು ಫ್ಲೂಟ್. ಮೇಲಿನ ಸರ್ ದೊಡ್ಡ ವಿಷಯ ಹೇಳಿದರು, ನಾನು ಚಿಕ್ಕ ಚಿಕ್ಕದು ಹೇಳುತ್ತೇನೆ, ದಿನಾ ಬೇಕಾಗುವುದು ಅದೇ.

ಕ್ಲಾರಿನೆಟ್ ಮರದ್ದಾ? ಮರದ್ದಾದರೆ ದಯವಿಟ್ಟು ಮಾರ್ಚಿಂಗ್‌ಗೆ ಕಳಿಸಬೇಡಿ. ಬಿಸಿಲಿಗೆ, ಮಳೆಗೆ ಬಿರುಕು ಬಿಡುತ್ತದೆ, ರಿಪೇರಿ ತುಂಬಾ ದುಬಾರಿ. ಪ್ಲಾಸ್ಟಿಕ್ ಕ್ಲಾರಿನೆಟ್ ಸಾಕು, ಹಳೆಯದು ಸಿಕ್ಕರೂ ಆಗುತ್ತದೆ. ರೀಡ್ (ಬಾಯಿಗಿಟ್ಟು ಊದುವ ತೆಳು ಪಟ್ಟಿ) ಕೂಡ ಪ್ಲಾಸ್ಟಿಕ್‌ದು ಒಂದು ಇಟ್ಟುಕೊಂಡರೆ ಹೊರಗಡೆ ಒಣಗುವ ರಗಳೆ ಇರಲ್ಲ.

ನೀರಿಗೆ ಒಂದು ಗ್ಯಾಲನ್ ಜಗ್, ಕ್ಯಾಪ್, ಸನ್‌ಸ್ಕ್ರೀನ್, ತಿಳಿ ಬಣ್ಣದ ಬಟ್ಟೆ, ಗಟ್ಟಿ ಟೆನಿಸ್ ಶೂ. ಖಾಲಿ ಹೊಟ್ಟೆಯಲ್ಲಿ ಮಾತ್ರ ಕಳಿಸಬೇಡಿ. ಕ್ಯಾಂಪ್‌ನ ಮೊದಲ ದಿನಗಳಲ್ಲಿ ತಲೆ ಸುತ್ತಿ ಕೂರುವವರು ಸಾಮಾನ್ಯವಾಗಿ ಬೆಳಗ್ಗೆ ಏನೂ ತಿನ್ನದೆ ಬಂದವರು. ಎರಡು ಇಡ್ಲಿ, ಇಲ್ಲ ಸ್ವಲ್ಪ ಅವಲಕ್ಕಿ, ಹಿಂದಿನ ರಾತ್ರಿಯಿಂದಲೇ ಚೆನ್ನಾಗಿ ನೀರು. ಜುಲೈನಲ್ಲೇ ದಿನಾ ಸಂಜೆ ಅರ್ಧ ಗಂಟೆ ಹೊರಗೆ ನಡೆಯುವ ಅಭ್ಯಾಸ ಮಾಡಿಸಿ, ಇಡೀ ಬೇಸಿಗೆ ಎಸಿಯಲ್ಲಿ ಕೂತು ನೇರ ಡಾಂಬರಿನ ಮೇಲೆ ಹೋಗಿ ನಿಂತರೆ ಮೈ ತಡೆಯಲ್ಲ.

ಜಡೆ ಉದ್ದ ಇದೆಯಾ? ನಮ್ಮ ಹುಡುಗಿಯರಿಗೆ ಇದು ದೊಡ್ಡ ಕೆಲಸ. ಶಾಕೋ ಅಂತ ಎತ್ತರದ ಟೋಪಿ ಹಾಕುತ್ತಾರೆ, ಒಂದು ಕೂದಲೂ ಹೊರಗೆ ಕಾಣಬಾರದು. ಎರಡು ಜಡೆ ಹಾಕಿ, ನೆತ್ತಿಯ ಮೇಲೆ ಒಂದರ ಮೇಲೊಂದು ಅಡ್ಡ ತಂದು ಪಿನ್ ಹೊಡೆದು, ಮೇಲೆ ಹೇರ್‌ನೆಟ್. ಗಂಟು ಕಟ್ಟಿದರೆ ಟೋಪಿ ಕೂರಲ್ಲ, ಅರ್ಧ ಶೋ ಆಗುವಾಗ ಕಣ್ಣಿನ ಮೇಲೆ ಜಾರುತ್ತದೆ. ಕಿವಿಯೋಲೆ, ಬಳೆ, ನೇಲ್ ಪಾಲಿಶ್ ಯಾವುದೂ ಇಲ್ಲ. ಪ್ಯಾಂಟಿಗೆ ಭುಜದ ಮೇಲೆ ಪಟ್ಟಿ ಇರುತ್ತದೆ, ಅವಳ ಉದ್ದಕ್ಕೆ ನಾವೇ ಮಡಚಿ ಹೊಲಿದು ಕೊಡುತ್ತೇವೆ, ಕತ್ತರಿಸುವುದಿಲ್ಲ, ಮುಂದಿನ ವರ್ಷ ಇನ್ನೊಬ್ಬ ಮಗುವಿಗೆ ಬೇಕಲ್ಲ. ಎರಡು ಕಾಲಿನ ಅಂಚೂ ಸಮ ಇರಬೇಕು, ಒಂದು ಸ್ವಲ್ಪ ಎತ್ತರ ಇದ್ದರೂ ನೂರಾರು ಕಾಲು ಒಟ್ಟಿಗೆ ಏಳುವಾಗ ಅದೊಂದೇ ಕಣ್ಣಿಗೆ ಹೊಡೆಯುತ್ತದೆ.

ಆಗುವುದಾದರೆ ನೀವೂ ವಾಲಂಟಿಯರ್ ಆಗಿ. ಹೊಲಿಗೆ, ನೀರು ಹಂಚುವುದು, ಬಸ್‌ನಲ್ಲಿ ಜೊತೆ ಹೋಗುವುದು, ಬೇಕಾದಷ್ಟು ಕೆಲಸ ಇದೆ. ಈ ಊರಿನಲ್ಲಿ ನನಗೆ ಕನ್ನಡದವರಲ್ಲದ ಸ್ನೇಹಿತೆಯರು ಸಿಕ್ಕಿದ್ದೇ ಆ ಯೂನಿಫಾರ್ಮ್ ರೂಮಿನಲ್ಲಿ.

ಎಡಿಸನ್_ಮೂರ್ತಿ

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾವು ನ್ಯೂಜೆರ್ಸಿ. ಮಗ ಒಂದು ಸೀಸನ್ ಮಾಡಿ ಬಿಟ್ಟ. ಅವನಿಗೆ ರೊಬೋಟಿಕ್ಸ್ ಮೇಲೆ ಮನಸ್ಸು, ಎರಡೂ ಶನಿವಾರವೇ ಬರುತ್ತಿತ್ತು. ಸೆಪ್ಟೆಂಬರ್‌ನಿಂದ ಗಣೇಶ ಇಲ್ಲ, ನವರಾತ್ರಿ ಇಲ್ಲ, ಕನ್ನಡ ಸಂಘದ ರಾಜ್ಯೋತ್ಸವದ ನಾಟಕಕ್ಕೂ ಇಲ್ಲ. ಬ್ಯಾಂಡ್ ಒಳ್ಳೆಯದೇ, ಅನುಮಾನ ಇಲ್ಲ. ಆದರೆ ಮಗು ತಾನಾಗಿ ಬೇಕು ಅಂದರೆ ಮಾತ್ರ. ಕಾಲೇಜ್ ಅಪ್ಲಿಕೇಶನ್‌ಗೆ ಚೆನ್ನಾಗಿ ಕಾಣುತ್ತೆ ಅಂತ ಅಪ್ಪ ಅಮ್ಮ ತಳ್ಳಿದರೆ ಅಕ್ಟೋಬರ್ ಹೊತ್ತಿಗೆ ಮನೆಯಲ್ಲಿ ದಿನಾ ಜಗಳ. ನಮ್ಮ ಸ್ಕೂಲಿನಲ್ಲಿ ಮಾರ್ಚಿಂಗ್ ಬಿಟ್ಟರೂ ಬ್ಯಾಂಡ್ ಕ್ಲಾಸ್ ಉಳಿಯಿತು. ನಿಮ್ಮಲ್ಲಿ ಹಾಗಿಲ್ಲದಿದ್ದರೆ ಇನ್ನೂ ಯೋಚನೆ ಮಾಡಿ.

ಮೆಲೋಫೋನ್_ಹುಡುಗ

ಆಂಟಿ, ನಾನು ನಾಲ್ಕು ವರ್ಷ ಮಾರ್ಚ್ ಮಾಡಿದವನು, ಈಗ ಕಾಲೇಜಿನಲ್ಲಿದ್ದೇನೆ. ಫ್ರೆಂಚ್ ಹಾರ್ನ್ ನುಡಿಸುತ್ತಿದ್ದೆ, ಫೀಲ್ಡ್‌ನಲ್ಲಿ ಅದರ ಬದಲು ಮೆಲೋಫೋನ್ ಕೊಡುತ್ತಾರೆ. ಮೂರ್ತಿ ಅಂಕಲ್ ಹೇಳಿದ್ದು ಸರಿ, ಬೇಕು ಅಂತ ಅನ್ನಿಸಬೇಕು. ಆದರೆ ನಿಮ್ಮ ಮಗಳಿಗೆ ಅನ್ನಿಸುತ್ತಾ ಇದೆ ಅಲ್ವಾ.

ಒಳಗೆ ಹೇಗಿರುತ್ತದೆ ಅಂತ ಹೇಳುತ್ತೇನೆ. ಪ್ರತಿಯೊಬ್ಬರಿಗೂ ಒಂದು ಡಾಟ್ ಇರುತ್ತದೆ, ಅಂದರೆ ಸಂಗೀತದ ಇಂಥ ಜಾಗದಲ್ಲಿ ಫೀಲ್ಡ್‌ನ ಇಂಥ ಜಾಗದಲ್ಲಿ ನಿಂತಿರಬೇಕು ಅಂತ. "40 ಯಾರ್ಡ್ ಗೆರೆಯಿಂದ 2 ಹೆಜ್ಜೆ ಒಳಗೆ, ಮುಂದಿನ ಹ್ಯಾಶ್‌ನಿಂದ 4 ಹೆಜ್ಜೆ ಹಿಂದೆ", ಹೀಗೆ ಬರೆದಿರುತ್ತದೆ (ಹ್ಯಾಶ್ ಅಂದರೆ ಮೈದಾನದ ನಡುವೆ ಉದ್ದಕ್ಕೂ ಹಾಕಿರುವ ಚಿಕ್ಕ ಗೆರೆಗಳ ಸಾಲು). 5 ಯಾರ್ಡ್‌ಗೆ 8 ಹೆಜ್ಜೆ, ಅಂದರೆ ಒಂದು ಹೆಜ್ಜೆ 22.5 ಇಂಚು. ಗೆರೆಯೇ ಇಲ್ಲದ ನೆಲದಲ್ಲೂ ಅಷ್ಟೇ ಇಡುವಷ್ಟು ಕಾಲಿಗೆ ರೂಢಿ ಆಗಬೇಕು. ಹಿಮ್ಮಡಿ ಮೊದಲು ಊರಿ, ಬೆರಳು ಮೇಲೆತ್ತಿ, ಪಾದವನ್ನು ಉರುಳಿಸಿಕೊಂಡು ಹೋಗಬೇಕು, ಸೊಂಟದ ಮೇಲೆ ಅಲುಗಾಡಬಾರದು, ಯಾಕೆಂದರೆ ತುಟಿಯ ಮೇಲೆ ವಾದ್ಯ ಕುಣಿದರೆ ಸ್ವರ ಕೆಡುತ್ತದೆ. ಇದನ್ನು ಎಡಕ್ಕೆ ಹೋಗುತ್ತಾ, ಹಿಂದಕ್ಕೆ ಹೋಗುತ್ತಾ, ಎದೆ ಮಾತ್ರ ಪ್ರೇಕ್ಷಕರ ಕಡೆ ತಿರುಗಿಸಿ, ಬಾಯಿಪಾಠ ಮಾಡಿದ್ದನ್ನು ನುಡಿಸುತ್ತಾ ಮಾಡಬೇಕು. ಏಳೆಂಟು ನಿಮಿಷದ ಶೋಗೆ ಮೂರು ತಿಂಗಳು ಯಾಕೆ ಬೇಕು ಅಂತ ನನ್ನ ಅಮ್ಮನೂ ಕೇಳುತ್ತಿದ್ದರು, ಒಂದು ಪ್ರಾಕ್ಟೀಸ್ ನೋಡಿದ ಮೇಲೆ ಕೇಳಲಿಲ್ಲ.

ಭರತನಾಟ್ಯ ಮಾಡಿದವರು ಇದರಲ್ಲಿ ತುಂಬಾ ಚೆನ್ನಾಗಿ ಮಾಡುತ್ತಾರೆ, ನಿಜ ಹೇಳುತ್ತಿದ್ದೇನೆ. ಅರೆಮಂಡಿಯಲ್ಲಿ ನಿಂತು ಕಾಲು ಗಟ್ಟಿ ಆಗಿರುತ್ತದೆ, ತಾಳ ಒಳಗೇ ಇರುತ್ತದೆ, ಬೈಸಿಕೊಂಡು ಇನ್ನೊಮ್ಮೆ ಮಾಡುವುದೂ ರೂಢಿ ಇರುತ್ತದೆ. ಬಾವುಟ ಬೀಸುವ ಕಲರ್ ಗಾರ್ಡ್‌ನಲ್ಲೂ ನಮ್ಮ ಕಡೆಯ ಡ್ಯಾನ್ಸ್ ಹುಡುಗಿಯರು ಇದ್ದರು.

ಎಲ್ಲಕ್ಕಿಂತ ಮುಖ್ಯ ಒಂದಿದೆ. ಈ ಸ್ಕೂಲ್‌ಗಳು ತುಂಬಾ ದೊಡ್ಡವು. ಒಂಬತ್ತನೇ ಗ್ರೇಡ್‌ನ ಮೊದಲ ದಿನ ಕೆಫೆಟೇರಿಯಾದಲ್ಲಿ ಯಾರ ಪಕ್ಕ ಕೂರಬೇಕು ಅಂತ ಗೊತ್ತಿಲ್ಲದೆ ತಟ್ಟೆ ಹಿಡಿದು ನಿಲ್ಲುವ ಮಕ್ಕಳು ಎಷ್ಟೋ. ಬ್ಯಾಂಡ್ ಮಕ್ಕಳಿಗೆ ಅದಿಲ್ಲ. ಕ್ಯಾಂಪ್ ಮುಗಿಯುವಷ್ಟರಲ್ಲಿ ಅವಳಿಗೆ ಎಲ್ಲ ಗ್ರೇಡ್‌ನಲ್ಲೂ ಹೆಸರು ಹಿಡಿದು ಕರೆಯುವವರು ಇರುತ್ತಾರೆ. ಶುಕ್ರವಾರ ಹಾಫ್‌ಟೈಮ್ ಶೋ ಆದ ಮೇಲೆ ಮೂರನೇ ಕ್ವಾರ್ಟರ್ ಸಾಮಾನ್ಯವಾಗಿ ಬ್ಯಾಂಡ್‌ಗೆ ಬಿಡುವು, ಎಲ್ಲ ಒಟ್ಟಿಗೆ ಕೂತು ನಾಚೋಸ್ ತಿನ್ನುತ್ತೇವೆ. ನನ್ನ ಹತ್ತಿರದ ಸ್ನೇಹಿತರೆಲ್ಲ ಆ ಕ್ವಾರ್ಟರ್‌ನಲ್ಲಿ ಆದವರು.

ತಾತನಿಗೆ ಹೇಳಿ ಆಂಟಿ, ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನ್‌ಗೆ ಮನಸೋತಿದ್ದು ಮೈಸೂರು ಅರಮನೆ ಬ್ಯಾಂಡ್‌ನಲ್ಲಿ ಅದನ್ನು ನೋಡಿಯೇ ಅಂತ. ದಸರಾ ಮೆರವಣಿಗೆಯ ಪೊಲೀಸ್ ಬ್ಯಾಂಡ್ ನೋಡಿದ್ದರೆ ಅವರಿಗೆ ತಕ್ಷಣ ಅರ್ಥ ಆಗುತ್ತದೆ.

ಹಾಸನದಮ್ಮ_ಡಲ್ಲಾಸ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಡೈರೆಕ್ಟರ್‌ಗೆ ಬರೆದೆ. ಇಲ್ಲೂ ಬ್ಯಾಂಡ್ ಅಂದರೆ ಮಾರ್ಚಿಂಗ್ ಸೇರಿಯೇ. ಡ್ಯಾನ್ಸ್ ಗುರುಗಳ ಹತ್ತಿರವೂ ಮಾತಾಡಿದೆವು, ರಂಗಪ್ರವೇಶ ಬರುವ ಜೂನ್‌ಗೆ ಇಟ್ಟುಕೊಳ್ಳೋಣ, ಫಾಲ್‌ನಲ್ಲಿ ವಾರಕ್ಕೆ ಒಂದೇ ಕ್ಲಾಸ್ ಬರಲಿ ಅಂದರು, ನಾನು ಅಂದುಕೊಂಡಷ್ಟು ಕಷ್ಟ ಆಗಲಿಲ್ಲ. ಮೂರ್ತಿ ಸರ್, ನೀವು ಹೇಳಿದ್ದನ್ನು ಅವಳ ಮುಂದೆ ಓದಿದೆ, ಹಬ್ಬ ತಪ್ಪುತ್ತದೆ ಅಂತಾನೂ ಹೇಳಿದೆ. ಗಣೇಶನಿಗೆ ಬೆಳಗ್ಗೆ ಬೇಗ ಪೂಜೆ ಮಾಡಿಬಿಡೋಣಮ್ಮ ಅಂದಳು. ಫಾರ್ಮ್‌ಗೆ ಸಹಿ ಹಾಕಿದ್ದೇವೆ. ಇಂಡಿಯಾದಿಂದ ವಾಪಸ್ ಬರುವ ಟಿಕೆಟ್ ಜುಲೈ ಮಧ್ಯಕ್ಕೆ ಬದಲಾಯಿಸಿದ್ದೂ ಆಯಿತು. ಮಾವನವರು ಕಣ್ಣಾರೆ ನೋಡಬೇಕು, ವಿಡಿಯೋ ಕಳಿಸು ಅಂತಿದ್ದಾರೆ.

ಒಂದು ಕೇಳುವುದು ಮರೆತೆ. ಬಸ್‌ನಲ್ಲಿ ಹೋದಾಗ ವೆಜ್ ಊಟ ಸಿಗುತ್ತಾ?

ಮಂಡ್ಯ_ಟು_ಆಸ್ಟಿನ್

ಸಿಗುತ್ತದೆ ಅಕ್ಕಾ, ರಿಜಿಸ್ಟರ್ ಮಾಡುವಾಗ ಊಟದ ಕಾಲಂನಲ್ಲಿ ವೆಜಿಟೇರಿಯನ್ ಅಂತ ಬರೆಯಿರಿ, ಮೊಟ್ಟೆ ತಿನ್ನಲ್ಲ ಅಂದರೆ ಅದನ್ನೂ ಬಿಡಿಸಿ ಬರೆಯಿರಿ. ಆದರೂ ಬ್ಯಾಗಿನಲ್ಲಿ ಒಂದು ಡಬ್ಬಿ ಇರಲಿ, ಚಪಾತಿ ರೋಲೋ ಪುಳಿಯೋಗರೆಯೋ. ಸ್ವಲ್ಪ ಜಾಸ್ತಿಯೇ ಹಾಕಿ, ಇಡೀ ಕ್ಲಾರಿನೆಟ್ ಸೆಕ್ಷನ್ ಕೈ ಹಾಕುತ್ತದೆ. ಮತ್ತೆ ಮಾರ್ಚಿಂಗ್ ಶೂಗೆ ಅಳತೆ ಕೊಡುವಾಗ ದಪ್ಪ ಕರಿ ಸಾಕ್ಸ್ ಹಾಕಿಕೊಂಡೇ ಕೊಡಲಿ.