ಕಾಲುವೆ ದಾರಿ, ಕಾಡು ದಾರಿ: ಸೈಕಲ್ ಪ್ರವಾಸದ ಪ್ರಶ್ನೋತ್ತರ

ಅಡ್ಮಿನ್: ಇಂಗ್ಲೆಂಡಿನಲ್ಲಿರುವ ನಮ್ಮ ಕನ್ನಡ ಸೈಕಲ್ ಬಳಗಕ್ಕೆ ನಮಸ್ಕಾರ. ಇವತ್ತು ಉತ್ತರ ಕೊಡುವವರು ಸಾಗರದ ಕಡೆಯವರು. ಇಲ್ಲಿ 14 ವರ್ಷದಿಂದ ಸೈಕಲ್ ಪ್ರವಾಸ ನಡೆಸುವುದೇ ಅವರ ಕೆಲಸ, ರಿಪೇರಿಯೂ ಬರುತ್ತದೆ. ಹೆಸರು ಬೇಡ, ನೀವಿರುವ ಊರು ಹಾಕಿ ಪ್ರಶ್ನೆ ಕೇಳಿ.

ರೀಡಿಂಗ್: ಮೇಡಂ, ಕೆನೆಟ್ ಅಂಡ್ ಏವನ್ ಕಾಲುವೆ ಪಕ್ಕದಲ್ಲೇ ಇಲ್ಲಿಂದ ಬಾತ್‌ವರೆಗೆ ಹೋಗಬೇಕು ಅಂತ ಬಹಳ ದಿನದ ಆಸೆ. ಒಂದೇ ದಿನಕ್ಕೆ ಆಗುತ್ತಾ? ರೋಡ್ ಬೈಕ್ ಇದೆ, 25 ಎಂಎಂ ಟೈರು.

ಮಾರ್ಗದರ್ಶಿ: ಮೂರು ದಿನ ಇಟ್ಟುಕೊಳ್ಳಿ. ರೀಡಿಂಗ್‌ನಿಂದ ಬ್ರಿಸ್ಟಲ್‌ವರೆಗೆ ಇದು 87 ಮೈಲಿಯ ಜಲಮಾರ್ಗ. ಮ್ಯಾಪಿನಲ್ಲಿ ಒಂದೇ ಗೆರೆ ಕಂಡರೂ ಟೋಪಾತ್, ಅಂದರೆ ಕಾಲುವೆ ಅಂಚಿನ ದಾರಿ, ಎಲ್ಲ ಕಡೆ ಒಂದೇ ಥರ ಇಲ್ಲ. ನ್ಯೂಬರಿ ದಾಟಿದ ಮೇಲೆ ಎಷ್ಟೋ ಕಡೆ ಅದು ಹುಲ್ಲಿನ ನಡುವಿನ ಕಾಲುದಾರಿ, ಮಳೆ ಬಿದ್ದರೆ ಗದ್ದೆಬದು. ರಾಷ್ಟ್ರೀಯ ಸೈಕಲ್ ಮಾರ್ಗ 4 ಕೂಡ ಅಲ್ಲಿ ನೀರಿನ ಪಕ್ಕ ಬಿಟ್ಟು ಗ್ರೇಟ್ ಬೆಡ್ವಿನ್, ವೂಟನ್ ರಿವರ್ಸ್, ಪ್ಯೂಸಿ ಕಡೆಯ ಹಳ್ಳಿರಸ್ತೆ ಹಿಡಿಯುತ್ತದೆ. ನೀವೂ ಅದನ್ನೇ ಹಿಡಿಯಿರಿ. ಕ್ರಾಫ್ಟನ್ ಪಂಪಿಂಗ್ ಸ್ಟೇಷನ್ ಬಿಟ್ಟು ಬರಬೇಡಿ. 1812ರ ಉಗಿ ಎಂಜಿನ್, ಬೆಂಕಿ ಹಾಕುವ ದಿನಗಳಲ್ಲಿ ಇವತ್ತಿಗೂ ಕಾಲುವೆಗೆ ನೀರೆತ್ತುತ್ತದೆ. ಅಲ್ಲಿಂದ ಉತ್ತರಕ್ಕೆ ಸ್ವಲ್ಪ ತಿರುಗಿದರೆ ಸ್ಯಾವರ್ನೇಕ್ ಕಾಡು. ಅದರ ಗ್ರ್ಯಾಂಡ್ ಅವೆನ್ಯೂ ಸುಮಾರು 4 ಮೈಲಿ ಉದ್ದಕ್ಕೆ ಬೀಚ್ ಮರಗಳ ಸಾಲು. ಮೇ ತಿಂಗಳಲ್ಲಿ ಎಳೆ ಎಲೆ ತೂರಿ ಬರುವ ಬೆಳಕೇ ಹಸಿರಾಗಿರುತ್ತದೆ. ನಾನು ಪ್ರತಿ ವರ್ಷ ಹೋಗುತ್ತೇನೆ.

ಡಿವೈಝಸ್‌ನಲ್ಲಿ ಕೇನ್ ಹಿಲ್: 2 ಮೈಲಿಯಲ್ಲಿ 29 ಲಾಕ್ (ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಗೇಟಿನ ಕಟ್ಟೆ), 237 ಅಡಿ ಇಳಿತ, ಅದರಲ್ಲಿ 16 ಲಾಕ್ ಮೆಟ್ಟಿಲಿನಂತೆ ಒಂದರ ಕೆಳಗೊಂದು. ಡಿವೈಝಸ್‌ಗೆ ರೈಲಿಲ್ಲ, ಹಾಗಾಗಿ ಸುಸ್ತಾದರೆ ಪ್ಯೂಸಿಯಲ್ಲೇ ತೀರ್ಮಾನ ಮಾಡಿ. ಮುಂದೆ ಬಾತ್‌ವರೆಗೆ ಟೋಪಾತ್ ಚೆನ್ನಾಗಿದೆ. ಟೈರು 35 ಎಂಎಂಗಿಂತ ಕಡಿಮೆ ಬೇಡ.

ಸ್ಲೌ: ನಾನೂ ರೀಡಿಂಗ್‌ನಿಂದ ಬಾತ್ ಮಾಡಬೇಕು ಅಂತಿದೀನಿ. ಒಂದು ದಿನ ಸಾಕಾ?

ಮಾರ್ಗದರ್ಶಿ: ಮೇಲೆ ಬರೆದಿದ್ದೇನೆ.

ಸ್ವಿಂಡನ್: 8 ವರ್ಷದ ಮಗಳ ಜೊತೆ ಮೊದಲ ಪ್ರವಾಸ. ಎಲ್ಲಿಂದ ಶುರು ಮಾಡಲಿ?

ಮಾರ್ಗದರ್ಶಿ: ಬ್ರಾಡ್‌ಫರ್ಡ್ ಆನ್ ಏವನ್‌ನಿಂದ ಬಾತ್‌ಗೆ. ಸಮತಟ್ಟು, ಎರಡೂ ಕಡೆ ರೈಲಿದೆ, ನಡುವೆ ಏವನ್‌ಕ್ಲಿಫ್ ಮತ್ತು ಡಂಡಸ್‌ನಲ್ಲಿ ಕಾಲುವೆಯೇ ಸೇತುವೆ ಹತ್ತಿ ನದಿ ದಾಟುವುದನ್ನು ಮಗು ನೋಡಲಿ. ನೀರಿನ ಕಡೆ ನೀವು, ಬೇಲಿ ಕಡೆ ಮಗಳು. ಲಾಕ್ ಬಂದಲ್ಲಿ ಇಬ್ಬರೂ ಇಳಿದು ತಳ್ಳಿ. ಶನಿವಾರ, ಭಾನುವಾರ ಬಹಳ ಜನ ಇರುತ್ತಾರೆ, ಬೆಳಿಗ್ಗೆ ಬೇಗ ಹೊರಡಿ.

ಬಾತ್: ದಯವಿಟ್ಟು ನಿಧಾನಕ್ಕೆ ಬನ್ನಿ. ನಾನು ದಿನಾ ಅದೇ ದಾರಿಯಲ್ಲಿ ಅಮ್ಮನ ಜೊತೆ ವಾಕಿಂಗ್ ಹೋಗುವವನು. ಹಿಂದಿನಿಂದ ಟ್ರಿಣ್ ಅಂತ ಬೆಲ್ ಹೊಡೆದು ‘ಸರಿಯಿರಿ’ ಅನ್ನೋ ಹಾಗೆ ನುಗ್ಗುತ್ತಾರೆ.

ಲೀಡ್ಸ್: ಬೆಲ್ ಹೊಡೆದರೆ ಸಿಟ್ಟು, ಹೊಡೆಯದಿದ್ದರೆ ‘ಬೆಲ್ ಇಲ್ವಾ’ ಅಂತ ಬೈಗುಳ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ದಾರಿ ತುಂಬಾ ನಡೆಯುವವರಿಗೆ ಯಾರೂ ಏನೂ ಅನ್ನಲ್ಲ.

ಬಾತ್: ನಮ್ಮಮ್ಮ ಇಯರ್‌ಫೋನ್ ಹಾಕಲ್ಲ. ಅವರಿಗೆ 71 ವರ್ಷ.

ಮಾರ್ಗದರ್ಶಿ: ಟೋಪಾತ್‌ನಲ್ಲಿ ನಡೆಯುವವರಿಗೆ ಮೊದಲ ಹಕ್ಕು. ದೂರದಲ್ಲಿರುವಾಗಲೇ ಎರಡು ಸಲ ಮೆತ್ತಗೆ ಬೆಲ್, ಆಮೇಲೆ ಕಾಯುವುದು. ಸೇತುವೆ ಕೆಳಗೆ ಇಳಿಯುವುದು. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಆಕ್ಸ್‌ಫರ್ಡ್: ಮೊಬೈಲ್ ಆ್ಯಪ್ ತೋರಿಸಿದ ಕಾಡುದಾರಿಯಲ್ಲಿ ಹೋದೆ, ರೈತನೊಬ್ಬ ನಿಲ್ಲಿಸಿ ವಾಪಸ್ ಕಳಿಸಿದ. ಸಾರ್ವಜನಿಕ ದಾರಿ ಅಂತ ಬೋರ್ಡೇ ಇತ್ತು!

ಮಾರ್ಗದರ್ಶಿ: ಬೋರ್ಡಿನ ಬಾಣ ಯಾವ ಬಣ್ಣದ್ದಿತ್ತು? ಹಳದಿಯಾದರೆ ಫುಟ್‌ಪಾತ್, ನಡೆಯುವವರಿಗೆ ಮಾತ್ರ. ನೀಲಿಯಾದರೆ ಬ್ರಿಡಲ್‌ವೇ, ಕುದುರೆ ಸವಾರರ ದಾರಿ. 1968ರ ಕಾನೂನಿನ ಪ್ರಕಾರ ಅಲ್ಲಿ ಸೈಕಲ್ ಹೋಗಬಹುದು, ಆದರೆ ಕುದುರೆಯವರಿಗೂ ನಡೆಯುವವರಿಗೂ ದಾರಿ ಬಿಡಬೇಕು. ಆ್ಯಪ್‌ಗಳು ಇವೆರಡನ್ನು ಕಲಸಿಬಿಡುತ್ತವೆ, ಕಂಬ ನೋಡಿ ಹೋಗಿ. ನ್ಯೂ ಫಾರೆಸ್ಟ್‌ನಲ್ಲಂತೂ ಗುರುತು ಹಾಕಿದ ಸೈಕಲ್ ದಾರಿ ಬಿಟ್ಟು ಕದಲಬೇಡಿ.

ಲೀಡ್ಸ್: ಅಂದರೆ ರೈತನದ್ದೇ ಸರಿ ಅಂತಾಯ್ತು. ಯಾವಾಗಲೂ ನಮ್ಮವರದ್ದೇ ತಪ್ಪು.

ಆಕ್ಸ್‌ಫರ್ಡ್: ನಾನು ಹಾಗಂದೆನಾ? ಬಾಣ ಹಳದಿಯೇ ಇತ್ತು. ತಪ್ಪು ನನ್ನದೇ.

ಕೋವೆಂಟ್ರಿ: ಇ-ಬೈಕನ್ನು ರೈಲಿನಲ್ಲಿ ಒಯ್ಯಬಹುದಾ?

ಸೌತಾಂಪ್ಟನ್: ಬ್ರಾಕನ್‌ಹರ್ಸ್ಟ್ ಹತ್ತಿರ ಜರೀಗಿಡದ ಪಕ್ಕ ಕೂತು ಊಟ ಮಾಡಿದ್ವಿ. ಮನೆಗೆ ಬಂದು ನೋಡಿದರೆ ಮೊಣಕಾಲಿನ ಹಿಂದೆ ಉಣುಗು ಕಚ್ಚಿ ಕೂತಿದೆ. ಬೆಂಕಿಕಡ್ಡಿ ತಾಗಿಸಿದರೆ ತಾನಾಗೇ ಬಿಡುತ್ತೆ ಅಂತ ಅತ್ತೆ ಹೇಳ್ತಿದಾರೆ.

ಮಾರ್ಗದರ್ಶಿ: ಬೆಂಕಿ ಬೇಡ, ವ್ಯಾಸಲೀನ್ ಬೇಡ, ಸೀಮೆಎಣ್ಣೆ ಬೇಡ. ಕೆಣಕಿದರೆ ಅದು ಹೊಟ್ಟೆಯಲ್ಲಿದ್ದದ್ದನ್ನು ನಿಮ್ಮ ಮೈಯೊಳಗೇ ಕಕ್ಕಬಹುದು. ಚೂಪು ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಬುಡದಲ್ಲಿ ಹಿಡಿದು ನೆಟ್ಟಗೆ, ನಿಧಾನವಾಗಿ ಎಳೆಯಿರಿ. ಹೊಟ್ಟೆ ಹಿಚುಕಬೇಡಿ. ಸೋಪು ನೀರಲ್ಲಿ ತೊಳೆಯಿರಿ. ಕಚ್ಚಿದ ತಾರೀಖು ಬರೆದಿಡಿ. ಮೂರು ತಿಂಗಳೊಳಗೆ ಅಲ್ಲಿ ದುಂಡಗೆ ಹರಡುವ ಕೆಂಪು ಕಂಡರೆ ಅಥವಾ ಜ್ವರ ಬಂದರೆ ಜಿಪಿ (ನಿಮ್ಮ ಮಾಮೂಲಿ ಡಾಕ್ಟರ್) ಹತ್ತಿರ ಹೋಗಿ, ಲೈಮ್ ಕಾಯಿಲೆ ಇರಬಹುದು. ಮಲೆನಾಡಿನವರಿಗೆ ಉಣುಗು ಅಂದ ಕೂಡಲೇ ಮಂಗನ ಕಾಯಿಲೆ ನೆನಪಾಗುತ್ತದೆ, ನನಗೂ ಆಗುತ್ತದೆ. 1957ರಲ್ಲಿ ಅದು ಗೊತ್ತಾದ ಕ್ಯಾಸನೂರು ಕಾಡು ನಮ್ಮ ಪಕ್ಕದ ಸೊರಬದ್ದು. ಅದು ವೈರಸ್. ಇದು ಬ್ಯಾಕ್ಟೀರಿಯಾ, ಆ್ಯಂಟಿಬಯಾಟಿಕ್ ಇದೆ.

ಲೂಟನ್: ಫಾರ್ವರ್ಡ್ ಬಂದದ್ದು: ‘ಉಣುಗು ಕಚ್ಚಿದರೆ ಸುಣ್ಣ, ಅರಿಶಿನ ಕಲಸಿ ಹಚ್ಚಿ, ವಿಷ ಇಳಿಯುತ್ತದೆ. 10 ಜನರಿಗೆ ಕಳಿಸಿ.’

ಮಾರ್ಗದರ್ಶಿ: ಯಾರಿಗೂ ಕಳಿಸಬೇಡಿ. ಅಳಿಸಿ.

ಮಿಲ್ಟನ್ ಕೀನ್ಸ್: ಮೇಡಂ, ಬಾಟಮ್ ಬ್ರ್ಯಾಕೆಟ್ (ಪೆಡಲ್ ತಿರುಗುವ ಅಚ್ಚು) ಕಿರ್ ಕಿರ್ ಅಂತಿದೆ. ಹತ್ತು ದಿನದ ಹಿಂದೆ ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿ, ಸ್ಟೋಕ್ ಬ್ರೂಯರ್ನ್ ಹತ್ತಿರ ಲಾಕ್ ಪಕ್ಕದ ಇಳಿಜಾರಿನಲ್ಲಿ ಜಾರಿ ಸೈಕಲ್ ಸಮೇತ ನೀರಿಗೆ ಬಿದ್ದಿದ್ದೆ. ಮೊಣಕಾಲು ತರಚಿತು ಅಷ್ಟೇ, ಒಂದೆರಡು ಗುಟುಕು ನೀರು ಹೋಯ್ತು. ನಿನ್ನೆಯಿಂದ ಚಳಿಜ್ವರ, ಮೀನಖಂಡ ಮುಟ್ಟಕ್ಕಾಗಲ್ಲ, ಕಣ್ಣೂ ಕೆಂಪಾಗಿದೆ. ಅದು ಸುಸ್ತಿಗೆ ಇರಬೇಕು. ಬೇರಿಂಗ್ ಹೊಸದು ಹಾಕಬೇಕಾ?

ಲೂಟನ್: ಅಮೃತಬಳ್ಳಿ ಕಷಾಯ ಮೂರು ಹೊತ್ತು ಕುಡೀರಿ, ಜ್ವರ ಓಡಿಹೋಗುತ್ತೆ.

ಸ್ಲೌ: ಬೆಳ್ಳುಳ್ಳಿ ಹಾಲು ಕೂಡ ಒಳ್ಳೇದು.

ಮಾರ್ಗದರ್ಶಿ: ಮಿಲ್ಟನ್ ಕೀನ್ಸ್‌ನವರೇ, ಬೇರಿಂಗ್ ಹಾಗಿರಲಿ. ಈಗಲೇ ವೈದ್ಯಕೀಯ ಸಹಾಯವಾಣಿ 111ಕ್ಕೆ ಫೋನ್ ಮಾಡಿ. ಬೆಳಿಗ್ಗೆವರೆಗೆ ಕಾಯಬೇಡಿ.

ನಾನು ಡಾಕ್ಟರಲ್ಲ. ಆದರೆ ಜನರನ್ನು ನೀರಿನ ಪಕ್ಕ ಕರೆದುಕೊಂಡು ಹೋಗುವವಳು ಇದನ್ನು ತಿಳಿದಿರಲೇಬೇಕು. ಕಾಲುವೆ ನೀರಿನಲ್ಲಿ ಇಲಿಯ ಮೂತ್ರ ಸೇರಿರುತ್ತದೆ, ತರಚಿದ ಗಾಯ, ಕಣ್ಣು, ಬಾಯಿ ಮೂಲಕ ರೋಗಾಣು ಒಳಗೆ ಹೋಗಬಹುದು. ಊರಲ್ಲಿ ಇಲಿಜ್ವರ ಅನ್ನುತ್ತೇವಲ್ಲ, ಅದೇ ಲೆಪ್ಟೋಸ್ಪೈರೋಸಿಸ್. ಸಾಮಾನ್ಯವಾಗಿ ನೀರು ತಾಗಿ ಒಂದರಿಂದ ಎರಡು ವಾರಕ್ಕೆ ಶುರುವಾಗುತ್ತದೆ. ನಿಮಗೆ ಹತ್ತು ದಿನ. ಜ್ವರ, ಕೆಂಪು ಕಣ್ಣು, ಮೀನಖಂಡದ ನೋವು, ಮೂರೂ ನೀವೇ ಬರೆದಿದ್ದೀರಿ. ಅದೇ ಅಂತ ನಾನು ಹೇಳುತ್ತಿಲ್ಲ, ಅಲ್ಲ ಅಂತ ಮನೆಯಲ್ಲಿ ಕೂತು ನೀವೂ ತೀರ್ಮಾನಿಸಬೇಡಿ. ಈ ದೇಶದಲ್ಲಿ ಅಪರೂಪದ ಕಾಯಿಲೆ, ಹಾಗಾಗಿ ನೀವು ಬಾಯಿಬಿಟ್ಟು ಹೇಳದಿದ್ದರೆ ಫ್ಲೂ ಅಂದುಕೊಂಡು ಕಳಿಸಬಹುದು. ಫೋನೆತ್ತಿದ ಕೂಡಲೇ ಮೊದಲ ಮಾತು ಇದಾಗಿರಲಿ: ಹತ್ತು ದಿನದ ಹಿಂದೆ ಕಾಲುವೆಗೆ ಬಿದ್ದೆ, ಗಾಯ ಇತ್ತು, ನೀರು ಕುಡಿದೆ. ಬೇಗ ಹಿಡಿದರೆ ಆ್ಯಂಟಿಬಯಾಟಿಕ್‌ನಿಂದ ವಾಸಿಯಾಗುತ್ತದೆ, ಬಿಟ್ಟರೆ ಕಿಡ್ನಿಗೂ ಲಿವರ್‌ಗೂ ಹೋಗಬಹುದು. ಮೈ ಹಳದಿಯಾದರೆ, ಉಸಿರು ಕಟ್ಟಿದರೆ, ಮೂತ್ರ ಕಡಿಮೆಯಾದರೆ 111 ಅಲ್ಲ, ನೇರ ತುರ್ತು ನಂಬರ್ 999.

ಲೂಟನ್‌ನವರೇ, ಸ್ಲೌನವರೇ, ನಿಮ್ಮ ಕಷಾಯದಿಂದ ಅವರು ಒಂದು ರಾತ್ರಿ ತಡ ಮಾಡಿದರೆ ಆ ರಾತ್ರಿ ವಾಪಸ್ ಸಿಗಲ್ಲ.

ಲೂಟನ್: ಒಳ್ಳೇದಕ್ಕೆ ಹೇಳಿದೆ. ಇಷ್ಟು ಖಾರ ಯಾಕೆ? ನಮ್ಮಜ್ಜಿ ಕಾಲದಿಂದ ಕುಡೀತಿದೀವಿ.

ಬಾತ್: ಅಜ್ಜಿ ಗ್ರ್ಯಾಂಡ್ ಯೂನಿಯನ್‌ಗೆ ಬಿದ್ದಿರಲಿಲ್ಲ.

ಲೂಟನ್: ಹಿರಿಯರ ಬಗ್ಗೆ ಮಾತಾಡುವಾಗ ಬಾಯಿ ಬಿಗಿ ಇರಲಿ.

ಅಡ್ಮಿನ್: ಇಬ್ಬರೂ ಸಾಕು. ಇನ್ನೊಂದು ಮಾತು ಬಂದರೆ ಮ್ಯೂಟ್ ಮಾಡ್ತೀನಿ.

ವುಸ್ಟರ್: ಲಾಕ್ ಪಕ್ಕದ ಆ ಇಳಿಜಾರಿನಲ್ಲಿ ನಾನೂ ಜಾರಿದೀನಿ. ಅಡ್ಡಡ್ಡ ಇಟ್ಟಿಗೆ ಸಾಲು ಯಾಕೆ ಎಬ್ಬಿಸಿಟ್ಟಿರ್ತಾರೆ?

ಮಾರ್ಗದರ್ಶಿ: ಕುದುರೆಗೆ. ಟೋಪಾತ್ ಹುಟ್ಟಿದ್ದೇ ದೋಣಿ ಎಳೆಯುವ ಕುದುರೆ ನಡೆಯಲಿಕ್ಕೆ. ಇಳಿಜಾರಿನಲ್ಲಿ ಗೊರಸು ಊರಲಿ ಅಂತ ಎರಡು ಮೂರು ಇಂಚು ಎಬ್ಬಿಸಿದ ಸಾಲುಗಳವು. ಒದ್ದೆಯಾಗಿ ಪಾಚಿ ಕಟ್ಟಿದರೆ ಟೈರಿಗೆ ಸೋಪಿನಂತೆ. ಹಳೇ ಸೇತುವೆಯ ಕಮಾನಿನ ಮೂಲೆಯನ್ನು ಒಮ್ಮೆ ಮುಟ್ಟಿ ನೋಡಿ, ಅಲ್ಲಿ ಹೊಡೆದ ಕಬ್ಬಿಣದ ಪಟ್ಟಿಯಲ್ಲಿ ಬೆರಳು ಕೂರುವಷ್ಟು ಆಳದ ಗೀರುಗಳಿರುತ್ತವೆ. ಮಣ್ಣು ಮೆತ್ತಿದ ಒದ್ದೆ ಹಗ್ಗ ಉಜ್ಜಿ ಉಜ್ಜಿ ಕಬ್ಬಿಣವನ್ನೇ ಕೊರೆದಿದೆ. ಇಟ್ಟಿಗೆ ಸಾಲು ಕಂಡಲ್ಲಿ ಇಳಿದು ತಳ್ಳಿ.

ಮಿಲ್ಟನ್ ಕೀನ್ಸ್‌ನವರೇ, ಫೋನ್ ಮಾಡಿದಿರಾ?

ಡಾರ್ಬಿ: ಬೇಲಿ ಮುಳ್ಳಿನಿಂದ ವಾರಕ್ಕೆ ಮೂರು ಪಂಕ್ಚರ್. ಏನು ಮಾಡಲಿ?

ನಾಟಿಂಗ್‌ಹ್ಯಾಮ್: ನನಗೂ ಪಂಕ್ಚರ್ ಪ್ರಶ್ನೆ.

ಮಾರ್ಗದರ್ಶಿ: ಹಾಥಾರ್ನ್ ಮುಳ್ಳು. ಬೇಲಿ ಕತ್ತರಿಸುವ ಕಾಲ, ಸೆಪ್ಟೆಂಬರ್ ನಂತರ ಜಾಸ್ತಿ. ಟ್ಯೂಬ್‌ಲೆಸ್ ಮಾಡಿಸಿ ಸೀಲೆಂಟ್ (ತೂತು ಮುಚ್ಚುವ ದ್ರವ) ಹಾಕಿ.

ಕೋವೆಂಟ್ರಿ: ಇ-ಬೈಕ್, ರೈಲು? ಯಾರಾದರೂ?

ಸ್ಲೌ: ಮೇಡಂ, ನಡುವೆ ಟೆಂಟ್ ಹಾಕಿದರೆ ರೀಡಿಂಗ್-ಬಾತ್ ಎಷ್ಟು ದಿನ?

ಮಾರ್ಗದರ್ಶಿ: ಮೂರು. ಮೂರನೇ ಸಲ ಹೇಳಲ್ಲ. ಜಮೀನಿನವರನ್ನು ಕೇಳದೆ ಟೆಂಟ್ ಹಾಕಬೇಡಿ.

ಮಿಲ್ಟನ್ ಕೀನ್ಸ್‌ನವರೇ, ಉತ್ತರ ಕೊಡಿ. ಅವರ ನಂಬರ್ ಇರುವವರು ಯಾರಾದರೂ ಕರೆ ಮಾಡಿ. ಅಲ್ಲಿವರೆಗೆ ನಾನು ಬೇರೆ ಪ್ರಶ್ನೆ ತೆಗೆದುಕೊಳ್ಳುವುದಿಲ್ಲ.

ಬಾತ್: ಅಡ್ಮಿನ್, ದಯವಿಟ್ಟು ನೀವೇ ಮಾಡಿ.

ಅಡ್ಮಿನ್: ರಿಂಗ್ ಆಗ್ತಿದೆ, ಎತ್ತುತ್ತಿಲ್ಲ.

ಮಿಲ್ಟನ್ ಕೀನ್ಸ್: ಕ್ಷಮಿಸಿ, 111ರ ಜೊತೆಯೇ ಮಾತಾಡ್ತಿದ್ದೆ. ಮೊದಲು ಕಾಲುವೆ ವಿಷಯ ಹೇಳಿದೆ. ರಾತ್ರಿ 9ಕ್ಕೆ ಆಸ್ಪತ್ರೆಗೆ ಬರಬೇಕಂತೆ, ರಕ್ತ ತೆಗೀತಾರಂತೆ. ಗಂಡ ಕಾರು ತೆಗೀತಿದಾರೆ.

ಮಾರ್ಗದರ್ಶಿ: ಒಳ್ಳೆಯದಾಯಿತು. ಬಿದ್ದ ತಾರೀಖು, ಜಾಗ, ಜ್ವರ ಶುರುವಾದ ಹೊತ್ತು ಒಂದು ಚೀಟಿಯಲ್ಲಿ ಬರೆದು ಗಂಡನ ಕೈಯಲ್ಲಿ ಕೊಡಿ. ಅಲ್ಲಿ ಕೇಳುವ ಪ್ರತಿಯೊಬ್ಬರಿಗೂ ಅದನ್ನೇ ತೋರಿಸಲಿ. ಬಾಟಮ್ ಬ್ರ್ಯಾಕೆಟ್ ನೀರು ಕುಡಿದಿದೆ, ಹೊಸದೇ ಹಾಕಬೇಕು. ಸೈಕಲ್ ಹಾಗೇ ಇಟ್ಟಿರಿ, ಮುಂದಿನ ವಾರ ಆ ಕಡೆ ಬಂದಾಗ ನಾನೇ ಹಾಕಿಕೊಡುತ್ತೇನೆ.