ಪದಚರ್ಚೆ: ‘ಲಿಂಗ ಪರಿವರ್ತನೆ’ ಅಂದರೆ ಬರೀ ಆಪರೇಷನ್ನೇ?

ಗೆಳೆಯರೇ, ನಮಸ್ಕಾರ.

ಹಾಸನದಲ್ಲಿ ಪದವಿ ಮಕ್ಕಳಿಗೆ ಮಾನವಶಾಸ್ತ್ರದ ಒಂದು ಪಾಠ ಬರೆಯುತ್ತಿದ್ದೇನೆ. ಗಂಡೆಂದು ಬೆಳೆಸಿದವರು ಹೆಣ್ಣಾಗಿ, ಹೆಣ್ಣೆಂದು ಬೆಳೆಸಿದವರು ಗಂಡಾಗಿ ಬಾಳಲು ಹೊರಡುವುದಕ್ಕೆ ‘ಟ್ರಾನ್ಸಿಶನ್’ ಅಂತಾರಲ್ಲ, ಅದಕ್ಕೆ ಕನ್ನಡದಲ್ಲಿ ಏನನ್ನೋಣ? ಪತ್ರಿಕೆಗಳಲ್ಲಿ ‘ಲಿಂಗ ಪರಿವರ್ತನೆ’ ಅಂತ ಬರೆಯುತ್ತಾರೆ. ಅದನ್ನು ಓದಿದ ಕೂಡಲೇ ಆಸ್ಪತ್ರೆ ನೆನಪಾಗುತ್ತದೆ. ನನ್ನ ತಕರಾರು ಅಲ್ಲೇ.

ಗಂಡೆಂದು ಬೆಳೆದು ದೇವಿಗೆ ಮೀಸಲಾಗುವ ಉತ್ತರ ಕರ್ನಾಟಕದ ಜೋಗಪ್ಪಗಳನ್ನು ನೋಡಿ. ಎಲ್ಲಮ್ಮನ ಹೆಸರಲ್ಲೋ ಹುಲಿಗೆಮ್ಮನ ಹೆಸರಲ್ಲೋ ಮುತ್ತು ಕಟ್ಟಿಸಿಕೊಳ್ಳುತ್ತಾರೆ. ಸೀರೆ ಉಟ್ಟು, ಬಳೆ ತೊಟ್ಟು, ಕೊರಳಿಗೆ ಮುತ್ತು ಬಿದ್ದರೆ ಅವರು ದೇವಿಯವರು. ಕತ್ತರಿಯ ಮಾತೇ ಇಲ್ಲ. ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರಿಗೂ ಹೀಗೇ ಮುತ್ತು ಕಟ್ಟಿದ್ದು.

ಹಿಜ್ರಾ ಸಮುದಾಯದ ದಾರಿ ಬೇರೆ. ಅಲ್ಲಿ ಮೊದಲು ಗುರುವಿಗೆ ಚೇಲಾ, ಅಂದರೆ ಶಿಷ್ಯೆ, ಆಗಬೇಕು. ‘ನಿರ್ವಾಣ’, ಅಂದರೆ ಗಂಡಿನ ಅಂಗ ತೆಗೆಸಿಕೊಳ್ಳುವುದು, ಆಮೇಲಿನದು, ಎಲ್ಲರೂ ಮಾಡಿಸಿಕೊಳ್ಳುವುದೂ ಇಲ್ಲ. ಮಾಡಿಸಿಕೊಂಡವರನ್ನು ಸಂಪ್ರದಾಯದಂತೆ 40 ದಿನ ಒಳಗಿರಿಸಿ ಆರೈಕೆ ಮಾಡುತ್ತಾರೆ, ನಂತರ ಮದುವಣಗಿತ್ತಿಯಂತೆ ಸಿಂಗರಿಸುತ್ತಾರೆ. ಬೇರೆಯಾಗುವುದು, ನಡುವೆ ಇರುವುದು, ಮತ್ತೆ ಸೇರಿಸಿಕೊಳ್ಳುವುದು ಅಂತ ಬಾಳಿನ ಘಟ್ಟ ದಾಟುವ ಆಚರಣೆಗಳ ಬಗ್ಗೆ ಮಾನವಶಾಸ್ತ್ರಜ್ಞ ವಾನ್ ಗೆನೆಪ್ 1909ರಲ್ಲಿ ಹೇಳಿದ ಮೂರು ಹಂತಗಳು ಇಲ್ಲಿ ಎದ್ದು ಕಾಣುತ್ತವೆ. ಗಾಯ ಮಾಯುವುದು ಇದರಲ್ಲಿ ಒಂದು ಭಾಗ ಮಾತ್ರ. ಜನ ಒಪ್ಪಿ ಒಳಗೆ ಕರೆದುಕೊಳ್ಳುವುದೇ ಜಾಸ್ತಿ ಮುಖ್ಯ. ಗುರುತು ಸಿಗಲು ಆಪರೇಷನ್ ಆಗಿರಲೇಬೇಕು ಅನ್ನುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಕೂಡ 2014ರಲ್ಲಿ ಹೇಳಿತು.

ಹಾಗಾಗಿ ನನಗೆ ಮೊದಲು ಹೊಳೆದದ್ದು ‘ಆಗು’. ಹುಡುಗಿ ‘ದೊಡ್ಡವಳಾದಳು’ ಅಂತೀವಿ. ಅದರಲ್ಲಿ ಮೈಯೂ ಇದೆ, ಆರತಿಯೂ ಇದೆ, ನಾಲ್ಕು ಜನ ಬಂದು ಒಪ್ಪಿದ್ದೂ ಇದೆ. ಆದರೆ ‘ಹೆಣ್ಣಾದರು’ ಅಂದರೆ ‘ನಾನು ಮೊದಲಿಂದಲೂ ಹೆಣ್ಣೇ’ ಅನ್ನುವವರ ಮಾತನ್ನು ತಳ್ಳಿಹಾಕಿದ ಹಾಗಾಗುತ್ತದೆ. ‘ಬದಲಾವಣೆ’ಗೂ ಇದೇ ತೊಡಕು. ಅವರ ಮಾತು ನನಗೆ ದೊಡ್ಡದು. ಪಾಠದಲ್ಲಿ ಅವರಿಗೆ ನೋವಾಗುವ ಪದ ಇರಬಾರದು.

ಈಗ ‘ಲಿಂಗತ್ವ ದಾಟು’ ಅಂತ ಬರೆದಿಟ್ಟಿದ್ದೇನೆ. ‘ಲಿಂಗ’ ಅಂದರೆ ನಮ್ಮ ಕಡೆ ಕೊರಳಲ್ಲಿ ಕಟ್ಟಿಕೊಳ್ಳುವ ಲಿಂಗವೂ ಹೌದು, ಅದಕ್ಕೇ ‘ಲಿಂಗತ್ವ’. ಆದರೆ ‘ಹೊಸ್ತಿಲು ದಾಟಿದಳು’, ‘ಗೆರೆ ದಾಟಿದ’ ಅನ್ನುವಲ್ಲಿ ತಪ್ಪು ಮಾಡಿದ ಅರ್ಥ ಬರುತ್ತದೆ ಅಲ್ವಾ? ಆ ನೆರಳು ಇಲ್ಲಿಗೂ ಬೀಳುತ್ತದೆಯೇ?

ಇನ್ನೊಂದು ಕೇಳಬೇಕು. ಹಾಸನ ಪೇಟೆಯಲ್ಲಿ ‘ಮಂಗಳಮುಖಿ’ ಅನ್ನುವುದು ಕೇಳುತ್ತದೆ, ಅದು ವ್ಯಕ್ತಿಗೆ ಹೆಸರು. ಅರಸೀಕೆರೆ, ಕಡೂರು, ತರೀಕೆರೆ ಕಡೆ ಎಲ್ಲಮ್ಮನಿಗೆ ನಡೆದುಕೊಳ್ಳುವ ಮನೆಗಳಲ್ಲಿ ಈ ಕ್ರಿಯೆಗೇ ಬೇರೆ ಮಾತಿದ್ದರೆ, ಯಾರ ಬಾಯಲ್ಲಿ ಹೇಗೆ ಕೇಳಿದಿರೋ ಹಾಗೇ ಬರೆದು ಕಳಿಸಿ.